ಒಂಬತ್ತನೇ ತೊಲೆ

ಆಗಸ್ಟ್ 3, 2025, ಭಾನುವಾರ
ಸಾಗರ

ಮಂಗಗಳು ಮತ್ತೆ ಹಂಚು ಒಡೆದಿವೆ. ಅಟ್ಟದ ಮೇಲಿದ್ದ ಅಡಿಕೆ ಚೀಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಕರೆಂಟು ನಿನ್ನೆ ಸಂಜೆಯಿಂದಲೇ ಇಲ್ಲ. ಟಾರ್ಚ್ ಹಿಡಿದು ಹತ್ತಿದೆ. ಚೀಲ ಸರಿಸುವಾಗ ಹಿಂದಿದ್ದ ತಗಡಿನ ಪೆಟ್ಟಿಗೆಯಲ್ಲಿ ನನ್ನ ಹಳೇ ಲೆಕ್ಕದ ನೋಟ್‌ಬುಕ್ ಸಿಕ್ಕಿತು. ಮುಂದಿನ ಅರ್ಧ ಭಾಗಾಕಾರ. ಹಿಂದಿನ ಅರ್ಧ ಕಾಮಿಕ್ಸ್, ನಾನೇ ಬರೆದದ್ದು!

1986ರ ಬೇಸಿಗೆ ರಜೆಯದು. ಆಗ ನನಗೆ ಹತ್ತು ವರ್ಷ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿದ್ದ ಕಾಲ. ಫ್ಯಾಂಟಮ್ ಅಂದರೆ ಹುಚ್ಚು. ಅವನ ಮುಷ್ಟಿ, ಕುದುರೆ ಎಲ್ಲರಿಗೂ ಇಷ್ಟ. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಆ ತಲೆಬುರುಡೆ ಗುಹೆಯ ದಪ್ಪ ದಪ್ಪ ಪುಸ್ತಕಗಳು. ಅವನು 21ನೆಯವನು. ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರೂ ತಮ್ಮ ತಮ್ಮ ಕಥೆ ಅಲ್ಲಿ ಬರೆದಿಟ್ಟಿದ್ದಾರೆ. ಕಾಡಿನ ಹೆಸರು ಡೆಂಕಾಲಿ. ಕಾರ್ಗಲ್‌ನ ಆಚೆಗೆಲ್ಲೋ ಇರಬೇಕು ಅಂದುಕೊಂಡಿದ್ದೆ, ಸುಮ್ನೆ ಅಲ್ಲ, ನಿಜವಾಗಿಯೂ.

ನಮ್ಮ ಮನೆಯಲ್ಲಿ ಗುಹೆ ಇರಲಿಲ್ಲ, ಅಟ್ಟ ಇತ್ತು. ಅಟ್ಟದ ತೊಲೆಗಳ ಮೇಲೆ ಉಳಿಯಲ್ಲಿ ಕೆತ್ತಿದ ಅಂಕಿಗಳಿದ್ದವು, ೧ರಿಂದ ೧೪. ಅದರಲ್ಲಿ ೯ ಮಾತ್ರ ಇರಲಿಲ್ಲ. ಇನ್ನೇನು ಬೇಕು? ನನ್ನ ಕಾಮಿಕ್ಸಿನ ಹುಡುಗ ಟಾರ್ಚ್ ಹಿಡಿದು ಅಟ್ಟ ಹತ್ತುತ್ತಾನೆ, ಅಂಕಿ ಎಣಿಸುತ್ತಾನೆ, "ಅಜ್ಜನ ನಿಧಿ ಒಂಬತ್ತರಲ್ಲಿದೆ!" ಅನ್ನುತ್ತಾನೆ. ಕಳ್ಳರಿಗೆಲ್ಲ ಮೀಸೆ. ಹನ್ನೊಂದನೇ ಪುಟದಲ್ಲಿ 'ಮುಂದುವರಿಯುವುದು'. ಮುಂದುವರಿಯಲಿಲ್ಲ, ಶಾಲೆ ಶುರುವಾಯಿತು.

ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನೋಡಿದರು. ಮೀಸೆ ಕಳ್ಳರಿಗೆ ನಕ್ಕರು. ಒಂಬತ್ತರ ಪುಟಕ್ಕೆ ಬಂದಾಗ ನಗು ನಿಂತಿತು.

"ಇದನ್ನ ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ.

ನಾವು ಮುಳುಗಡೆಯವರು, ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದವರು ಅನ್ನುವುದು ಗೊತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಇಂದ್ರಜಾಲ ಶುರುವಾದದ್ದೂ ಅದೇ ವರ್ಷ, ಎಂಥ ಜೋಡಿ ನೋಡಿ. ಆದರೆ ಮನೆಯೂ ನಮ್ಮ ಜೊತೆ ಬಂದಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಶರಾವತಿ ದಂಡೆಯ ಮನೆಯನ್ನು ಅಜ್ಜ ಬಿಚ್ಚಿಸಿದ್ದರಂತೆ. ಹಂಚು, ಬಾಗಿಲು, ತೊಲೆ, ಪಕಾಸು ಎಲ್ಲ ಗಾಡಿಯಲ್ಲಿ. ಇಲ್ಲಿ ಅದೇ ಸಾಲಿನಲ್ಲಿ ಕೂರಿಸಬೇಕಲ್ಲ, ಅದಕ್ಕೆ ಆಚಾರಿ ಅಂಕಿ ಕೆತ್ತಿದ್ದು. ನನ್ನ ಗುಪ್ತ ಲಿಪಿ ಬರೀ ಮರಗೆಲಸದ ಗುರುತು!

"ಒಂಬತ್ತು?"

ಅಪ್ಪಯ್ಯ ಸ್ವಲ್ಪ ಹೊತ್ತು ಮಳೆ ನೋಡಿದರು. ಕಳೆದ ತಿಂಗಳು ಶರಾವತಿ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು ಸೇತುವೆ ಶುರುವಾದಾಗ ಕರೆದುಕೊಂಡು ಹೋಗಿದ್ದೆ. ಅವತ್ತೂ ಹೀಗೇ, ಹಿನ್ನೀರು ನೋಡುತ್ತಾ ಮಾತೇ ಆಡಿರಲಿಲ್ಲ.

"ಪರಿಹಾರದ ದುಡ್ಡು ಕೈಗೆ ಬಂದಿರಲಿಲ್ಲ. ಗಾಡಿ ಬಾಡಿಗೆಗೆ ಆ ತೊಲೆ ಕೊಟ್ಟಿದ್ದು. ಒಳ್ಳೇ ಹೊನ್ನೆ ಮರ. ಮನೆ ಮುರಿದು ಬಾಡಿಗೆ ಕೊಟ್ಟೆ ಅನ್ನೋದನ್ನ ಯಾರಿಗೂ ಹೇಳ್ಬೇಡ ಅಂದಿದ್ರು ನಿನ್ನಜ್ಜ. ನಂಗಾಗ ಹನ್ನೆರಡು ವರ್ಷ."

ಅರವತ್ತು ವರ್ಷ ದಾಟಿದೆ. ಅಜ್ಜ ತೀರಿಕೊಂಡೇ ಮೂವತ್ತಾಯಿತು. ಇವರು ಆ ಮಾತು ಇನ್ನೂ ಇಟ್ಟುಕೊಂಡಿದ್ದರು. ಅಮ್ಮನಿಗೂ ಗೊತ್ತಿರಲಿಲ್ಲ, ಒಳಗಿಂದ ಬಂದು ಬಾಗಿಲಲ್ಲೇ ನಿಂತಿದ್ದಳು.

ಗಾಡಿಯವರು ಯಾರು ಅಂತ ಕೇಳಿದೆ. ಹೇಳಿದರು. ನಂಬಲಿಕ್ಕೇ ಆಗಲಿಲ್ಲ. ಅವರ ಮೊಮ್ಮಗ ನನ್ನ ಕ್ಲಾಸ್‌ಮೇಟ್. ಅವನ ಹತ್ತಿರವೇ ನಾನು ಕಾಮಿಕ್ಸ್ ಕಡ ತರುತ್ತಿದ್ದದ್ದು. ಅವರ ಜಗಲಿಯಲ್ಲೇ ಅಂಗಾತ ಮಲಗಿ ಅರ್ಧ ಡೆಂಕಾಲಿ ಓದಿ ಮುಗಿಸಿದ್ದೇನೆ.

"ಅವರ ಜಗಲಿ ಮೇಲೇ ಇದೆ ಮಾರಾಯ, ಅದು. ಸುಣ್ಣ ಬಳಿದಿದಾರೆ ಅಷ್ಟೆ."

ಸಂಜೆ ಅವನಿಗೆ ಫೋನ್ ಮಾಡಿದೆ. ಬರುವ ಭಾನುವಾರ ಮಳೆ ಬಿಟ್ಟರೆ ಬರ್ತೀವಿ, ಅಪ್ಪಯ್ಯನೂ ಬರ್ತಾರೆ ಅಂದೆ. ಯಾಕೆ ಅಂತ ಹೇಳಲಿಲ್ಲ. ಒಂದು ಏಣಿ ಇಟ್ಟಿರು ಅಂದೆ.