ಎರಡು ಮಣಿಕಟ್ಟು, ಎರಡು ಎಣ್ಣೆ

ನವೆಂಬರ್ 9, 2025, ಭಾನುವಾರ

ಸೀಸೆಯ ಬಾಯಿಗೆ ಮೂಗಿಟ್ಟು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದರಲ್ಲಿ ಅರ್ಥವಿಲ್ಲ. ಸುಗಂಧದ ಎಣ್ಣೆಯ ವಿಷಯದಲ್ಲಂತೂ ಇಲ್ಲವೇ ಇಲ್ಲ. ಸೀಸೆಯೊಳಗೆ ಅದು ತಣ್ಣಗೆ ಮುದುಡಿ ಕೂತಿರುತ್ತದೆ. ಮೈಗೆ ತಾಗಿ, ಬೆಚ್ಚಗಾಗಿ, ಒಂದಷ್ಟು ಹೊತ್ತು ಕಳೆದ ಮೇಲೇ ಬಾಯಿ ಬಿಡುವುದು. ಅದಕ್ಕೇ ಇವತ್ತು ವಾಸನೆಯಿಲ್ಲದ ಸೋಪಿನಲ್ಲಿ ಸ್ನಾನ ಮುಗಿಸಿ, ಎಡ ಮಣಿಕಟ್ಟಿಗೆ ಲಾವಂಚದ ಎಣ್ಣೆ, ಬಲ ಮಣಿಕಟ್ಟಿಗೆ ಅಗರಿನ ಎಣ್ಣೆ ಸವರಿಕೊಂಡು ಕೂತೆ. ಎರಡೂ ಸಣ್ಣ ತಯಾರಕರು ಕೈಯಲ್ಲೇ ಬೆರೆಸಿ, ಸ್ವಲ್ಪ ಸ್ವಲ್ಪವೇ ಮಾಡಿ ಮಾರುವಂಥವು. ಬೆರಳುದ್ದದ ಸೀಸೆಗಳು. ಇಡೀ ದಿನ ಇವೆರಡೇ. ಸಂಜೆ ಅಕ್ಕ ಬರುತ್ತಾಳೆ, ಅವಳ ಮೂಗೂ ಸಿಗುತ್ತದೆ.

ಸ್ಪ್ರೇ ಹೊಡೆದು ಅಭ್ಯಾಸ ಇರುವವರಿಗೆ ಎಣ್ಣೆ ಮೊದಲು ಸಪ್ಪೆ ಅನ್ನಿಸುತ್ತದೆ. ಅದಕ್ಕೆ ಕಾರಣ ಇದೆ. ಸ್ಪ್ರೇಯಲ್ಲಿ ಹೆಚ್ಚಿನ ಭಾಗ ಆಲ್ಕೋಹಾಲ್. ಚರ್ಮಕ್ಕೆ ಬಿದ್ದ ಕೂಡಲೇ ಅದು ಆರಿಹೋಗುತ್ತದೆ, ಹೋಗುವಾಗ ಹಗುರವಾದ ಘಮಗಳನ್ನೆಲ್ಲ ಗಾಳಿಗೆ ಎತ್ತಿಬಿಡುತ್ತದೆ. ಕೋಣೆಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಗೊತ್ತಾಗುವುದು ಹೀಗೆ. ಎಣ್ಣೆ ಹಾಗೆ ಆರುವುದಿಲ್ಲ. ಘಮವನ್ನು ಹಿಡಿದಿಟ್ಟುಕೊಂಡು ಇಷ್ಟಿಷ್ಟೇ ಬಿಡುತ್ತದೆ. ಕೈ ಚಾಚಿದಷ್ಟು ದೂರದಲ್ಲಿ ನಿಂತವರಿಗೂ ಎಷ್ಟೋ ಸಲ ತಿಳಿಯುವುದಿಲ್ಲ. ಕೆಲವರಿಗೆ ಇದು ದೊಡ್ಡ ಕೊರತೆ. ನನಗೆ ಇದೇ ಇಷ್ಟ. ನಾನು ಹಚ್ಚಿಕೊಂಡಿದ್ದು ನನಗೆ, ಹತ್ತಿರ ಬಂದವರಿಗೆ ಮಾತ್ರ. ಲಿಫ್ಟಿನಲ್ಲಿ ಪಕ್ಕದವರಿಗೆ ತಲೆನೋವು ತರುವ ಹಕ್ಕು ಯಾರಿಗೂ ಇಲ್ಲ, ಅಲ್ವಾ?

ಎಣ್ಣೆ ಅಂದರೆ ಯಾವ ಎಣ್ಣೆ ಅನ್ನುವುದನ್ನೂ ನೋಡಬೇಕು. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. ಘಮದ ಸಾರವನ್ನು ಹೊತ್ತುಕೊಳ್ಳಲು ಒಂದು ತಳದ ಎಣ್ಣೆ ಬೇಕು. ಹೊಹೋಬಾ ಎಂಬ ಗಿಡದ ಬೀಜದಿಂದ ತೆಗೆದದ್ದು ಒಳ್ಳೆಯದು. ಎಣ್ಣೆ ಅಂತ ಕರೆದರೂ ಅದು ನಿಜಕ್ಕೆ ದ್ರವರೂಪದ ಮೇಣ, ಬೇಗ ಕೆಡುವುದಿಲ್ಲ. ಕೊಬ್ಬರಿ ಎಣ್ಣೆಯಿಂದ ಹೆಪ್ಪುಗಟ್ಟುವ ಅಂಶಗಳನ್ನು ಬೇರ್ಪಡಿಸಿದ ತಿಳಿ ಎಣ್ಣೆಯೂ ಬಹಳ ಕಡೆ ಬಳಕೆಯಲ್ಲಿದೆ. ಅದಕ್ಕೆ ತನ್ನದೇ ವಾಸನೆ ಇಲ್ಲ, ಕೈಗೆ ಜಿಡ್ಡೂ ಕಡಿಮೆ. ಬಾದಾಮಿ ಎಣ್ಣೆಯ ತಳ ಮಾತ್ರ ನನಗೆ ಬೇಡವೇ ಬೇಡ. ಹಿಂದೊಮ್ಮೆ ತರಿಸಿದ್ದ ಚಂದದ ಗುಲಾಬಿಯೊಂದು ವರ್ಷ ತುಂಬುವುದರೊಳಗೆ ಕಮಟು ಹಿಡಿಯಿತು. ಗುಲಾಬಿ ಹಾಗೇ ಇತ್ತು, ಅದರ ಕೆಳಗಿನ ಎಣ್ಣೆ ಕೆಟ್ಟಿತ್ತು. ಒಂದು ಕಿಲೋ ಗುಲಾಬಿ ಎಣ್ಣೆ ತೆಗೆಯಲು ಮೂರು ಸಾವಿರ ಕಿಲೋಗೂ ಹೆಚ್ಚು ಹೂವು ಬೇಕು. ಅಂಥದ್ದನ್ನು ಕೆಡುವ ಎಣ್ಣೆಯಲ್ಲಿ ಬೆರೆಸಲು ಮನಸ್ಸಾದರೂ ಹೇಗೆ ಬರುತ್ತದೋ.

ಇವತ್ತಿನ ಲಾವಂಚಕ್ಕೆ ಬರೋಣ. ತಾಮ್ರದ ಪಾತ್ರೆಯಲ್ಲಿ ಭಟ್ಟಿ ಇಳಿಸಿದ ಲಾವಂಚದ ಎಣ್ಣೆಗೆ ಒಂದು ಹಸಿರು ಛಾಯೆ ಬರುತ್ತದೆ, ಆ ತಾಮ್ರದಿಂದಲೇ. ಈ ಸೀಸೆಯಲ್ಲೂ ಬೆಳಕಿಗೆ ಹಿಡಿದರೆ ಹಸಿರು ಕಾಣುತ್ತದೆ. ಹಚ್ಚಿದ ಕೂಡಲೇ ಸ್ವಲ್ಪ ಘಾಟು. ಬೇರು, ಒದ್ದೆ ಮಣ್ಣು, ಎಲ್ಲೋ ಹಿಂದೆ ಒಂದು ಎಳೆ ಹೊಗೆ. ನನಗೆ ಈ ಮೊದಲ ಹಂತ ಅಷ್ಟೇನೂ ಹಿಡಿಸುವುದಿಲ್ಲ, ತೀರಾ ಬಿರುಸು. ಅರ್ಧ ಗಂಟೆ ಕಳೆದ ಮೇಲೆ ಆ ಬಿರುಸು ಇಳಿದು, ಒಳಗಿನಿಂದ ಒಂದು ತಂಪು ಎದ್ದಿತು. ಲಾವಂಚದ ಮಜಾ ಇರುವುದು ಇಲ್ಲಿ. ಹಸಿರು ಅನ್ನಬೇಕೋ ಕಂದು ಅನ್ನಬೇಕೋ ತಿಳಿಯುವುದಿಲ್ಲ. ಹುಲ್ಲಿನ ಜಾತಿಯ ಗಿಡ ಅದು, ಆದರೆ ಘಮ ಇರುವುದೆಲ್ಲ ನೆಲದ ಕೆಳಗೆ. ಮೂಗಿಗೂ ಹಾಗೇ ಗೊತ್ತಾಗುತ್ತದೆ, ಮೇಲೆ ಹುಲ್ಲು, ಕೆಳಗೆ ಕತ್ತಲು.

ಪಕ್ಕದಲ್ಲಿಟ್ಟು ನೋಡೋಣ ಅಂತ ಮಿಟ್ಟಿ ಅತ್ತರಿನ, ಅಂದರೆ ಮಣ್ಣಿನ ಘಮದ ಎಣ್ಣೆಯ, ಹಳೇ ಸೀಸೆಯನ್ನೂ ತೆಗೆದೆ. ಕೈಗೆ ಹಚ್ಚಲಿಲ್ಲ, ಒಂದು ಕಾಗದದ ಪಟ್ಟಿಗೆ ಮುಟ್ಟಿಸಿದೆ ಅಷ್ಟೇ. ಉತ್ತರ ಪ್ರದೇಶದ ಕನೌಜಿನಲ್ಲಿ ಇದನ್ನು ಮಾಡುವ ರೀತಿ ಕೇಳಿದರೆ ಆಶ್ಚರ್ಯವಾಗುತ್ತದೆ. ಸುಟ್ಟ ಮಣ್ಣಿನ ತುಂಡುಗಳನ್ನು ನೀರಿನ ಜೊತೆ ಡೇಗ್ ಎನ್ನುವ ತಾಮ್ರದ ಹಂಡೆಗೆ ಹಾಕುತ್ತಾರೆ, ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿ ಬೆಂಕಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿ ಮುಳುಗಿಸಿಟ್ಟ ಭಪ್ಕಾ ಎನ್ನುವ ಪಾತ್ರೆಗೆ ಇಳಿಯುತ್ತದೆ. ಅದರೊಳಗೆ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಮಣ್ಣಿನ ಘಮ ಅದರಲ್ಲಿ ಕೂರುತ್ತದೆ. ಶ್ರೀಗಂಧ ಸಿಗುವುದು ಕಷ್ಟವಾದ ಮೇಲೆ ಎಷ್ಟೋ ಕಡೆ ಬೇರೆ ತಳ ಬಳಸುತ್ತಾರೆ. ಅದು ಹಚ್ಚಿದ ಎರಡು ಮೂರು ಗಂಟೆಗೆ ಗೊತ್ತಾಗಿಬಿಡುತ್ತದೆ. ಮಣ್ಣು ಹೋದ ಮೇಲೆ ಉಳಿಯಬೇಕಾದ ಆ ಹಾಲಿನಂಥ ನುಣುಪು ಇರುವುದಿಲ್ಲ, ಸುಮ್ನೆ ಖಾಲಿಯಾಗುತ್ತದೆ. ಮಳೆ ಬಿದ್ದ ನೆಲದ ವಾಸನೆಯ ಬಗ್ಗೆ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು 1964ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕನೌಜಿನವರು ಅಷ್ಟರಲ್ಲಾಗಲೇ ಅದನ್ನು ಸೀಸೆಗೆ ತುಂಬಿ ಮಾರುತ್ತಿದ್ದರು.

ಲಾವಂಚ, ಮಿಟ್ಟಿ ಎರಡೂ ಮಣ್ಣೇ. ಆದರೆ ಮಿಟ್ಟಿ ಬೇಗ ಮಂಕಾಯಿತು. ಲಾವಂಚ ಮಧ್ಯಾಹ್ನದ ಹೊತ್ತಿಗೂ ಗಟ್ಟಿಯಾಗಿತ್ತು. ಭಾರವಾದ ಅಣುಗಳು ಚರ್ಮ ಬಿಟ್ಟು ಏಳುವುದು ನಿಧಾನ. ಅದಕ್ಕೇ ಬೇರು, ಮರ, ರಾಳ ಇವೆಲ್ಲ ಕೊನೆಗೆ ಉಳಿಯುತ್ತವೆ, ನಿಂಬೆ ಜಾತಿಯವು ಮೊದಲು ಓಡಿಹೋಗುತ್ತವೆ.

ಇನ್ನು ಬಲಗೈ. ಅಗರು ಎಲ್ಲರಿಗಲ್ಲ.

ಹಚ್ಚಿದ ಮೊದಲ ಕಾಲು ಗಂಟೆ ಅದು ದನದ ಕೊಟ್ಟಿಗೆ. ಇದನ್ನು ಮೆತ್ತಗೆ ಹೇಳುವುದು ಹೇಗೆ ಅಂತ ಗೊತ್ತಿಲ್ಲ, ಹೇಳುವ ಅಗತ್ಯವೂ ಇಲ್ಲ. ಭಟ್ಟಿಗೆ ಹಾಕುವ ಮೊದಲು ಮರದ ಚೂರುಗಳನ್ನು ಬಹಳ ದಿನ ನೀರಿನಲ್ಲಿ ನೆನೆಹಾಕುವ ಪದ್ಧತಿ ಇದೆ. ಅಲ್ಲಿ ಅದು ಹುಳಿತು ಈ ವಾಸನೆ ಬರುತ್ತದೆ. ಅಕ್ವಿಲೇರಿಯಾ ಅನ್ನುವ ಮರದ ಸಾಧಾರಣ ಕಾಂಡ ಬಿಳಿ, ಹಗುರ, ವಾಸನೆಯೇ ಇಲ್ಲ. ಗಾಯವಾಗಿ, ಶಿಲೀಂಧ್ರ ಹೊಕ್ಕಾಗ ಮರ ತನ್ನನ್ನು ಉಳಿಸಿಕೊಳ್ಳಲು ಕಪ್ಪು ರಾಳ ಸುರಿಸುತ್ತದೆ. ಆ ರಾಳ ತುಂಬಿದ ಭಾಗವೇ ಅಗರು. ಅದಕ್ಕಾಗಿ ಕಾಡಿನಲ್ಲಿ ಎಷ್ಟು ಮರ ಕಡಿದರೆಂದರೆ, ಈಗ ಈ ಜಾತಿಯ ಮರಗಳು, ಕಾಡಿನ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕು. ತೋಟದಲ್ಲಿ ಬೆಳೆಸಿ, ಬೇಕೆಂದೇ ಗಾಯ ಮಾಡಿ ರಾಳ ಬರಿಸುವುದೂ ನಡೆಯುತ್ತಿದೆ. ಈ ಸೀಸೆಯ ತಯಾರಕರು ತೋಟದ ಮರವೆಂದು ಬರೆದಿದ್ದಾರೆ, ಅದು ಸಮಾಧಾನ.

ಕೊಟ್ಟಿಗೆ ಕಳೆದ ಮೇಲೆ ಬಂದದ್ದು ಬೇರೆಯೇ. ಮೊದಲು ಒಣ ಚರ್ಮ, ಆಮೇಲೆ ಔಷಧಿಯಂಥ ಒಂದು ಕಹಿ. ಹನ್ನೊಂದು ಗಂಟೆಗೆ ಕಂಪ್ಯೂಟರ್ ಮುಂದೆ ಕೂತಿದ್ದಾಗ ಗಲ್ಲಕ್ಕೆ ಕೈಯಿಟ್ಟೆ, ತಟ್ಟನೆ ಸಿಹಿ. ಎಲ್ಲಿಂದ ಬಂತು ಅಂತ ಹುಡುಕಿದೆ, ಇನ್ನೊಮ್ಮೆ ಮೂಸಿದರೆ ಇಲ್ಲ. ಅಗರು ಹೀಗೇ ಆಟ ಆಡಿಸುತ್ತದೆ. ನೇರವಾಗಿ ಮೂಸಿದರೆ ಮರ, ಮರೆತು ಕೂತರೆ ಜೇನು.

ಹಾಗಂತ ಗಳಿಗೆಗೊಮ್ಮೆ ಮೂಸಿ ನೋಡುವುದರಿಂದ ಏನೂ ಸಿಗುವುದಿಲ್ಲ. ಒಂದೇ ವಾಸನೆಗೆ ಮೂಗು ಬೇಗ ಬೇಸತ್ತು, ಹೇಳುವುದನ್ನೇ ನಿಲ್ಲಿಸುತ್ತದೆ. ಎಣ್ಣೆ ಎರಡು ಗಂಟೆಗೇ ಹೋಯಿತು ಅಂತ ದೂರುವವರಲ್ಲಿ ಎಷ್ಟೋ ಜನರ ಕೈಮೇಲೆ ಅದು ಹಾಗೇ ಇರುತ್ತದೆ, ಅವರ ಮೂಗಿಗೆ ಮಾತ್ರ ಇಲ್ಲ. ಇದಕ್ಕೆ ಕಾಫಿ ಬೀಜ ಮೂಸುವ ಉಪಾಯ ಹೇಳುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಕಾಫಿ ಬೀಜಕ್ಕೂ ಬರೀ ಗಾಳಿಗೂ ವ್ಯತ್ಯಾಸ ಕಾಣಲಿಲ್ಲ. ಹೊರಗೆ ಹೋಗಿ ಒಂದು ಸುತ್ತು ನಡೆದು ಬಂದರೆ ಸಾಕು. ನಾನು ಮಾಡಿದ್ದೂ ಅದನ್ನೇ. ವಾಪಸ್ ಬಂದಾಗ ಎರಡೂ ಕೈ ಮತ್ತೆ ಮಾತಾಡುತ್ತಿದ್ದವು.

ಸಣ್ಣ ತಯಾರಕರ ಬಗ್ಗೆ ನನಗೆ ಒಂದೇ ಒಂದು ತಕರಾರು, ಅವರ ವರ್ಣನೆ. ಹೆಸರುಗಳು ಚೆನ್ನಾಗಿರುತ್ತವೆ, ಒಪ್ಪುತ್ತೇನೆ. ಪಾಳು ಗ್ರಂಥಾಲಯ, ಮಳೆ ನಿಂತ ಕಾಡು, ಸತ್ತ ರಾಣಿಯ ಪೆಟ್ಟಿಗೆ. ಆದರೆ ಒಳಗೆ ಏನಿದೆ ಅಂತ ನೋಡಿದರೆ ಅಲ್ಲೂ ಕವಿತೆ. "ಅಂಬರ್" ಅಂತ ಬರೆದಿರುತ್ತಾರೆ. ಸುಗಂಧದಲ್ಲಿ ಅದು ಒಂದು ವಸ್ತುವಲ್ಲ, ಸಿಸ್ಟಸ್ ಗಿಡದ ಲ್ಯಾಬ್ಡನಮ್ ಎಂಬ ಅಂಟು, ಸಾಂಬ್ರಾಣಿ, ವೆನಿಲ್ಲಾ ಸೇರಿಸಿ ಮಾಡುವ ಒಂದು ಹದ. ಒಬ್ಬೊಬ್ಬರದು ಒಂದೊಂದು ಥರ. ಇನ್ನು "ಸಂಪೂರ್ಣ ನೈಸರ್ಗಿಕ, ಹಾಗಾಗಿ ಸುರಕ್ಷಿತ" ಅನ್ನುವ ಮಾತು. ಇದನ್ನು ಓದಿದರೆ ನನಗೆ ರೇಗುತ್ತದೆ. ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯಿಂದ ಹಿಂಡಿದ ಎಣ್ಣೆ ಅಪ್ಪಟ ನೈಸರ್ಗಿಕವೇ. ಅದರಲ್ಲಿರುವ ಬರ್ಗಾಪ್ಟೆನ್ ಅನ್ನುವ ಅಂಶ ಬಿಸಿಲು ತಾಗಿದರೆ ಚರ್ಮವನ್ನು ಸುಡಬಲ್ಲದು. ಅದಕ್ಕೇ ಮೈಮೇಲೆ ಉಳಿಯುವ ಉತ್ಪನ್ನಗಳಲ್ಲಿ ಈ ಎಣ್ಣೆ ಶೇಕಡಾ 0.4 ಮೀರಬಾರದು ಎಂದು ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ ಇಫ್ರಾ ಮಿತಿ ಹಾಕಿದೆ. ಲಿನಾಲೂಲ್, ಲಿಮೊನೀನ್ ಎಂಬ ಘಮದ ಅಂಶಗಳೆಲ್ಲ ಹೂವು ಹಣ್ಣಿನಲ್ಲೇ ಇರುವಂಥವು. ಗಾಳಿ ತಾಗಿ ಹಳತಾದರೆ ಕೆಲವರಿಗೆ ಅಲರ್ಜಿ ತರುತ್ತವೆ. ಯುರೋಪಿನಲ್ಲಿ ಇಂಥ 26 ಪದಾರ್ಥಗಳ ಹೆಸರನ್ನು ಲೇಬಲ್ಲಿನಲ್ಲಿ ಹಾಕಬೇಕಿತ್ತು. 2023ರ ನಿಯಮದಲ್ಲಿ ಆ ಪಟ್ಟಿ 80ರ ಆಸುಪಾಸಿಗೆ ಬೆಳೆಯಿತು. ಹೊಸ ಎಣ್ಣೆ ಬಂದರೆ ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ಚುಕ್ಕೆ, ಒಂದು ದಿನ ಕಾಯುವುದು. ಆಮೇಲೆ ಉಳಿದದ್ದು.

ಸಂಜೆ ಅಕ್ಕ ಬಂದಳು. ಎಡಗೈ ಮುಂದೆ ಮಾಡಿದೆ. "ಇದು ಒಳ್ಳೇದಿದೆ ಕಣೋ, ಮೈ ತಣ್ಣಗಾದ ಹಾಗೆ ಅನ್ನಿಸುತ್ತೆ" ಅಂದಳು. ಬಲಗೈ ಮುಂದೆ ಮಾಡಿದೆ. ಮುಖ ಹಿಂದೆ ಎಳೆದುಕೊಂಡಳು. ಆ ಹೊತ್ತಿಗೆ ಅದರಲ್ಲಿ ಕೊಟ್ಟಿಗೆಯ ಸುಳಿವೂ ಇರಲಿಲ್ಲ, ನನ್ನ ಮೂಗಿಗೆ. ಅವಳಿಗೆ ಇತ್ತಂತೆ.

ಆಮೇಲೆ ತಮಾಷೆಯಾಯಿತು. ನನ್ನ ಹತ್ತಿರ ಒಂದು ಬಿಳಿ ಕಸ್ತೂರಿಯ ಸೀಸೆ ಇದೆ. ಪ್ರಾಣಿಯದ್ದಲ್ಲ, ಲ್ಯಾಬಿನಲ್ಲಿ ತಯಾರಾಗುವ ಕಸ್ತೂರಿಯ ಜೊತೆ ಕಸ್ತೂರಿ ಬೆಂಡೆಯ ಬೀಜದ ಎಣ್ಣೆ ಸೇರಿಸಿದ್ದು. ನನಗೆ ಅದು ನೀರು. ಹಚ್ಚಿದರೆ ಶುರುವಿನಲ್ಲಿ ಏನೋ ಒಂಚೂರು ಬೀಜದ ಘಮ, ಆಮೇಲೆ ಏನೂ ಇಲ್ಲ. ಅಕ್ಕ ಒಂದು ಚುಕ್ಕೆ ಹಚ್ಚಿಕೊಂಡು, "ಅಬ್ಬಾ, ಇದು ಜಾಸ್ತಿಯಾಯ್ತು!" ಅಂದಳು. ನಾನು ಅವಳ ಕೈಯನ್ನು ಮೂಗಿಗೆ ಒತ್ತಿಕೊಂಡರೂ ನನಗೆ ಶೂನ್ಯ.

ಇದು ವಿಚಿತ್ರವೇನೂ ಅಲ್ಲ. ಕಸ್ತೂರಿಯ ಅಣುಗಳು ದೊಡ್ಡವು, ಕೆಲವು ಜನರ ಮೂಗು ಕೆಲವು ಕಸ್ತೂರಿಗಳನ್ನು ಹಿಡಿಯುವುದೇ ಇಲ್ಲ. ಮನುಷ್ಯರಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಈ ಗ್ರಾಹಕಗಳ ವಂಶವಾಹಿಗಳನ್ನು ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಆ ಗ್ರಾಹಕಗಳು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ, ಒಡಹುಟ್ಟಿದವರಲ್ಲೂ ಬೇರೆ ಬೇರೆ. ವಯೊಲೆಟ್ ಹೂವಿನ ಘಮ ಕೊಡುವ ಬೀಟಾ ಅಯೊನೋನ್ ಕೂಡ ಹೀಗೇ. ಒಂದು ವಂಶವಾಹಿಯ ವ್ಯತ್ಯಾಸದಿಂದ ಒಬ್ಬರಿಗೆ ಅದು ಹೂವು, ಇನ್ನೊಬ್ಬರಿಗೆ ಹೆಚ್ಚುಕಮ್ಮಿ ಏನೂ ಅಲ್ಲ.

ಹಾಗಾದರೆ ಬೇರೆಯವರು ಬರೆದ ವರ್ಣನೆ ಓದಿ ಎಣ್ಣೆ ಆರಿಸುವುದು ಹೇಗೆ? ನಾನು ಇಷ್ಟುದ್ದ ಬರೆದದ್ದೂ ನನ್ನ ಚರ್ಮದ, ನನ್ನ ಮೂಗಿನ ಕಥೆ ಅಷ್ಟೇ. ಇದನ್ನು ನಂಬಿ ಯಾರೂ ದೊಡ್ಡ ಸೀಸೆ ತರಿಸಬೇಡಿ. ಸ್ಯಾಂಪಲ್ ತರಿಸಿ, ಒಂದು ಪೂರ್ತಿ ದಿನ ಕೊಡಿ, ಮೂಗಿಗೂ ಮೈಗೂ.

ರಾತ್ರಿ ಒಂಬತ್ತರ ಹೊತ್ತಿಗೆ ಲಾವಂಚ ಮುಗಿದು ತಳದ ಶ್ರೀಗಂಧ ತೆಳ್ಳಗೆ ಉಳಿದಿದೆ. ಅಗರು ಈಗಷ್ಟೇ ಚೆನ್ನಾಗುತ್ತಿದೆ. ಕಹಿ ಪೂರ್ತಿ ಹೋಗಿ, ಬೆಳಿಗ್ಗೆ ಕೈ ತಪ್ಪಿಸಿಕೊಂಡ ಆ ಸಿಹಿ ಈಗ ನೇರವಾಗಿ ಮೂಸಿದರೂ ಸಿಗುತ್ತಿದೆ. ಇದಕ್ಕೋಸ್ಕರ ಇಡೀ ದಿನ ಕಾಯಬಹುದು, ಆದರೆ ದಿನಾ ಕಾಯಲಾರೆ. ರಜೆಯ ದಿನಕ್ಕೇ ಸರಿ. ಅಂಗಿಯ ತೋಳಿನ ಅಂಚಿಗೆ ಒಂದು ಕಲೆಯೂ ಆಗಿದೆ. ಗಾಢ ಬಣ್ಣದ ಎಣ್ಣೆ ತಿಳಿ ಬಟ್ಟೆಯನ್ನು ಬಿಡುವುದಿಲ್ಲ.

ಕಸ್ತೂರಿಯ ಸೀಸೆಯನ್ನು ಅಕ್ಕ ಕೇಳದೆಯೇ ಬ್ಯಾಗಿಗೆ ಹಾಕಿಕೊಂಡಳು, ಇರಲಿ. ಲಾವಂಚ ಇನ್ನೊಂದು ತರಿಸಬೇಕು. ಆದರೆ ರೋಲ್ ಆನ್ ಬೇಡ, ಆ ಗುಂಡು ಪ್ರತಿ ಸಲ ಮೈಯ ಬೆವರು ಜಿಡ್ಡನ್ನೆಲ್ಲ ಎಣ್ಣೆಗೆ ಎಳೆದುಕೊಂಡು ಹೋಗುತ್ತದೆ. ಗಾಜಿನ ಕಡ್ಡಿ ಇರುವ, ಬಣ್ಣದ ಗಾಜಿನ ಸೀಸೆಯಲ್ಲಿ ಕೊಡುತ್ತಾರಾ ಅಂತ ನಾಳೆ ತಯಾರಕರಿಗೆ ಬರೆದು ಕೇಳುತ್ತೇನೆ. ಕೊಡುವುದಿಲ್ಲ ಅಂದರೆ ನಾನೇ ಒಂದು ಖಾಲಿ ಸೀಸೆ ಹುಡುಕಿ ಸುರಿದುಕೊಳ್ಳುವುದು.