ನಿಮ್ಮನೆ ಯಾರ ಕಡೆ?

ಗೊತ್ತಿಲ್ಲ. ಇದೇ ಉತ್ತರ. ಅವಸರದಲ್ಲಿರುವವರು ಇಲ್ಲಿಗೆ ನಿಲ್ಲಿಸಿ ತಮ್ಮ ಕೆಲಸ ನೋಡಿಕೊಳ್ಳಬಹುದು.

ಶಿವಮೊಗ್ಗ ಜಿಲ್ಲೆಯವಳು ಅಂತ ಬಾಯಿಬಿಟ್ಟರೆ ಸಾಕು, ಬೆಂಗಳೂರಿನ ಮದುವೆಮನೆ ಇರಲಿ, ರೈಲಿನ ಎದುರು ಸೀಟಿರಲಿ, ಮೂರನೇ ಮಾತಿಗೆ ಈ ಪ್ರಶ್ನೆ ಬರುತ್ತದೆ. ಅದಕ್ಕೊಂದು ಪೀಠಿಕೆ ಬೇರೆ: "ಓಹೋ, ಮುಖ್ಯಮಂತ್ರಿಗಳ ಜಿಲ್ಲೆ!" ಹೌದು ಸ್ವಾಮಿ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ. ಪಟೇಲರು ಕುರ್ಚಿಯಲ್ಲಿದ್ದಾಗಲೇ, 1997ರಲ್ಲಿ, ಅವರ ಚನ್ನಗಿರಿ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಆದರೂ ಲೆಕ್ಕದಲ್ಲಿ ನಾವು ಅವರನ್ನು ಬಿಟ್ಟುಕೊಟ್ಟಿಲ್ಲ. ಮಂಜಪ್ಪನವರು 1956ರಲ್ಲಿ ಕೂತದ್ದು ಮೂರು ತಿಂಗಳೂ ಪೂರ್ತಿಯಲ್ಲ, ಅದನ್ನೂ ಬಿಟ್ಟಿಲ್ಲ. ಅಡಿಕೆ ಬೆಳೆಯುವ ಜನ, ಉದುರಿದ ಗೋಟನ್ನೂ ಹೆಕ್ಕಿ ಎಣಿಸುತ್ತೇವೆ.

ಪೀಠಿಕೆ ಮುಗಿದ ಮೇಲೆ ದನಿ ತಗ್ಗಿಸಿ, "ಹಂಗಾದ್ರೆ ನಿಮ್ಮನೆ ಯಾರ ಕಡೆ?"

ನನಗೆ ಮೈ ಉರಿಯುವುದು "ಯಾರ ಕಡೆ" ಅನ್ನುವುದಕ್ಕಲ್ಲ, "ನಿಮ್ಮನೆ" ಅನ್ನುವುದಕ್ಕೆ. ಮನೆಗೊಂದು ರೇಷನ್ ಕಾರ್ಡು, ಮನೆಗೊಂದು ಕರೆಂಟ್ ಮೀಟರು ಇದ್ದ ಹಾಗೆ ಮನೆಗೊಂದು ಅಭಿಪ್ರಾಯ ಅಂತ ಇವರಿಗೆ ಹೇಳಿದವರು ಯಾರು? ಅದೂ ಕೇಳುವುದು ನನ್ನ ಮುಖ ನೋಡಿಕೊಂಡಲ್ಲ. ಊರು ಯಾವುದು ಅಂತ ಹೇಳಿದವಳು ನಾನು, ಪ್ರಶ್ನೆ ಹೋಗುವುದು ಪಕ್ಕದಲ್ಲಿ ಕೂತ ನನ್ನ ಗಂಡನಿಗೆ. ಅವರು ತೀರ್ಥಹಳ್ಳಿ ಕಡೆಯವರು, ಅಲ್ಲಿನ ಮಳೆಯಷ್ಟೇ ಮಾತು ಬಲ್ಲವರು. ಆದರೆ ಇದೊಂದಕ್ಕೆ ಮಾತ್ರ ನಕ್ಕು ಕಿಟಕಿ ನೋಡುತ್ತಾರೆ. ಮನೆಗೆ ಬಂದ ಮೇಲೆ "ನೀನಾದ್ರೂ ಹೇಳಬಹುದಿತ್ತಲ್ಲ" ಅಂತ ನನಗೇ ತಿರುಗಿಸುತ್ತಾರೆ.

ಸರಿ, ನಮ್ಮನೆಯ ಲೆಕ್ಕ ಹೇಳುತ್ತೇನೆ, ನೀವೇ ಕೂಡಿಸಿಕೊಳ್ಳಿ. ತವರಿನ ಲೆಕ್ಕ, ಯಾಕೆಂದರೆ ಸಾಗರ–ಸೊರಬದ ಕಡೆಯ ಮನೆ ಅಂದರೇ ಕೇಳುವವರ ಕಿವಿ ನಿಗುರುವುದು.

ನಾವು ದೀವರು. ಅಜ್ಜ ಗೇಣಿದಾರ. ಧಣಿಗಳಿಗೆ ಗೇಣಿ ಭತ್ತ ಅಳೆದುಕೊಡುವಾಗ ಕೊಳಗ ದೊಡ್ಡದಾಗುತ್ತಿದ್ದ ಕಾಲ ಅದು. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ರೈತರು ಎದ್ದು ನಿಂತದ್ದು ಆ ಕೊಳಗದ ವಿಷಯಕ್ಕೇ. ಗಣಪತಿಯಪ್ಪನವರು ಸಂಘ ಕಟ್ಟಿದರು, ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸೋಷಲಿಸ್ಟ್ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು. ತಾನೂ ಕಾಗೋಡಿಗೆ ಹೋಗಿದ್ದೆ ಅನ್ನುತ್ತಿದ್ದ ಅಜ್ಜ. ಸಾಗರ ತಾಲ್ಲೂಕಿನಲ್ಲಿ ಎಲ್ಲರ ಅಜ್ಜಂದಿರೂ ಕಾಗೋಡಿಗೆ ಹೋದವರೇ. ಅಷ್ಟೂ ಜನ ನಿಜಕ್ಕೂ ಹೋಗಿದ್ದರೆ ಆ ಗದ್ದೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಜ್ಜಿಯನ್ನು ಕೇಳಿದರೆ, "ಹ್ಞೂಂ, ಹೋಗಿದ್ದ. ಎತ್ತು ತಪ್ಪಿಸ್ಕಂಡಿತ್ತು, ಹುಡುಕ್ಕಂಡು ಹೋಗಿದ್ದ" ಅನ್ನುತ್ತಿದ್ದಳು.

1974ರ ಭೂಸುಧಾರಣೆ ಬಂದಾಗ ಅಜ್ಜ ಏಳನೇ ನಂಬರ್ ಫಾರಂ ಕೊಟ್ಟ, ಎರಡೆಕರೆ ಚಿಲ್ಲರೆ ಗದ್ದೆ ಅವನ ಹೆಸರಿಗಾಯಿತು. ಅಲ್ಲಿಂದ ಅವನ ಬಾಯಲ್ಲಿ ಗೋಪಾಲಗೌಡರು, ಜಗಲಿಯ ಗೋಡೆಯ ಮೇಲೆ ಆ ಕಾಯ್ದೆ ತಂದ ಕಾಂಗ್ರೆಸ್ಸಿನ ದೇವರಾಜ ಅರಸು. ಒಬ್ಬನೇ ಮನುಷ್ಯ, ಎರಡು ಪಕ್ಷ. ಅಪ್ಪ ಬಂಗಾರಪ್ಪನವರ ಕಡೆ. ಪಕ್ಷ ಯಾವುದು ಅಂತ ಕೇಳಿದರೆ ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಬಂಗಾರಪ್ಪನವರು ಶಿವಮೊಗ್ಗದಿಂದ 2004ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ಗೆದ್ದು, ರಾಜೀನಾಮೆ ಕೊಟ್ಟು, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರಲ್ಲ, ಅಪ್ಪ ಎರಡು ಸಲವೂ ಅದೇ ಬಿಳಿ ಅಂಗಿ ಹಾಕಿಕೊಂಡು ಮತಗಟ್ಟೆಗೆ ಹೋಗಿ ಬಂದ. ಚಿಕ್ಕಪ್ಪ ಜನತಾದಳ. ಅದು ಒಡೆದಾಗೆಲ್ಲ ಅವನಿಗೆ ಒಂದು ವಾರ ಊಟ ಸೇರುತ್ತಿರಲಿಲ್ಲ. ಪಾಪ, ಬಹಳ ಸಲ ಉಪವಾಸ ಬಿದ್ದ. ತಮ್ಮ ಕಮಲ. ನನ್ನದು ಹೇಳುವುದಿಲ್ಲ.

ಇದನ್ನು ಕೇಳಿ "ಒಂದೇ ಮನೇಲಿ ಇಷ್ಟೊಂದಾ?" ಅಂತ ಹುಬ್ಬೇರಿಸಬೇಡಿ. ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳೇ ಎದುರುಬದುರು ನಿಂತು, 2013ರಲ್ಲಿ ತಮ್ಮ, 2018ರಲ್ಲಿ ಅಣ್ಣ, 2023ರಲ್ಲಿ ಮತ್ತೆ ತಮ್ಮ ಗೆದ್ದದ್ದನ್ನು ನೋಡಿದ ಜನ ನಾವು. ಸಾಗರದಲ್ಲಿ ಕಾಗೋಡು ತಿಮ್ಮಪ್ಪನವರನ್ನು ಸೋಲಿಸಿದ್ದು ಅವರ ಸೋದರಳಿಯ ಬೇಳೂರು ಗೋಪಾಲಕೃಷ್ಣ, ಅದೂ ಎರಡು ಸಲ. ನಮ್ಮ ಕಡೆ ನೆಂಟಸ್ತಿಕೆ ಬೇರೆ, ಚಿಹ್ನೆ ಬೇರೆ.

ಈಗ ಒಬ್ಬರ ಹೆಸರು ಬಿಟ್ಟಿದ್ದೇನೆ, ಗಮನಿಸಿದಿರಾ? ಇಲ್ಲ. ಗಮನಿಸುವುದಿಲ್ಲ ಅಂತ ಗೊತ್ತಿತ್ತು.

1991ರ ಮೇ ತಿಂಗಳು. ಲೋಕಸಭೆ ಚುನಾವಣೆಯ ಗಲಾಟೆ ಒಂದು ಕಡೆ, ನಮ್ಮ ಚಿಕ್ಕತ್ತೆಯ ಮದುವೆ ಇನ್ನೊಂದು ಕಡೆ. ನಾನು ಆಗ ಏಳನೇ ಕ್ಲಾಸು ಮುಗಿಸಿದ್ದೆ. ಮನೆಯ ಹೊರಗೋಡೆಯಲ್ಲಿ ಬಾಗಿಲಿನ ಎಡಕ್ಕೆ ಅಪ್ಪ ಹಸ್ತ ಬರೆಸಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಬಲಕ್ಕೆ ಚಿಕ್ಕಪ್ಪ ಚಕ್ರ ಬರೆಸಿದ್ದ. ಸುಣ್ಣ ಬಳಿದು ಮೇಲೆ ನೀಲಿ, ಮಧ್ಯೆ ಬಾಗಿಲು. ಮದುವೆಗೆ ಬಂದ ನೆಂಟರು ಹಸ್ತ ಮತ್ತು ಚಕ್ರದ ನಡುವೆ ಹೊಸ್ತಿಲು ದಾಟಬೇಕು. ಅಣ್ಣತಮ್ಮ ಮಾತು ಬಿಟ್ಟು ನಾಲ್ಕು ದಿನವಾಗಿತ್ತು, ಚಪ್ಪರಕ್ಕೆ ಕಂಬ ಹೂಳುವಾಗಲೂ ನನ್ನ ಮೂಲಕವೇ ಮಾತು: "ನಿನ್ನಪ್ಪಂಗೆ ಹೇಳು, ಆ ತುದಿ ಎತ್ತಲಿ."

ಒಳಗೆ ಅವ್ವ ಹಸೆಗೋಡೆ ಬರೆಯುತ್ತಿದ್ದಳು. ಗೊತ್ತಿಲ್ಲದವರಿಗೆ: ನಮ್ಮಲ್ಲಿ ಮದುಮಕ್ಕಳು ಹಸೆಯ ಮೇಲೆ ಕೂರುವ ಕಡೆ ಗೋಡೆಗೆ ಚಿತ್ತಾರ ಬೇಕು. ಬರೆಯುವವರು ಹೆಂಗಸರು. ದರೆಯಿಂದ ಕೆಮ್ಮಣ್ಣು ತಂದು, ನೆನೆಸಿ, ಸೋಸಿ, ಗೋಡೆಗೆ ಬಳಿದು ಒಣಗಿಸಬೇಕು. ಅಕ್ಕಿ ನೆನೆಹಾಕಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಸೀದು ಹೋಗುವ ತನಕ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಆಮೇಲೆ ಎಳೆ. ಒಂದೆಳೆ, ಎರಡೆಳೆ, ಮೂರೆಳೆ, ಗೆರೆಯ ಪಕ್ಕ ಗೆರೆ, ಒಂದಕ್ಕೊಂದು ತಾಗದ ಹಾಗೆ, ಉಸಿರು ಬಿಗಿಹಿಡಿದು. ಚಿತ್ತಾರ "ಬಿಡಿಸುವುದು" ಅಲ್ಲ, ನಮ್ಮ ಮಾತಿನಲ್ಲಿ ಅದು ಬರೆಯುವುದೇ. ಹೊರಗಿನ ಗೋಡೆಗೂ ಬರೆಯುವುದೇ, ಒಳಗಿನ ಗೋಡೆಗೂ ಬರೆಯುವುದೇ.

ಅವತ್ತು ಕೆಮ್ಮಣ್ಣು ಬಳಿದದ್ದು ಮಾತ್ರ ಆಗಿತ್ತು, ಎಳೆ ಇನ್ನೂ ಬಿದ್ದಿರಲಿಲ್ಲ. ಮೂರನೇ ಪಕ್ಷದ ಹುಡುಗನೊಬ್ಬ ಬಣ್ಣದ ಡಬ್ಬಿ ಹಿಡಿದು ಬಂದ. ಹೊರಗೆ ಎಡವೂ ಹೋಗಿದೆ, ಬಲವೂ ಹೋಗಿದೆ. ಜಗಲಿ ದಾಟಿ ಒಳಗೆ ಇಣುಕಿದವನಿಗೆ ಕಂಡದ್ದು ಕೆಂಪಗೆ, ನುಣ್ಣಗೆ, ಖಾಲಿ ಗೋಡೆ. ಅವನ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಅಕ್ಕಾ, ಇಷ್ಟು ಚೆಂದದ ಗೋಡೆ ಸುಮ್ನೆ ಬಿಟ್ಟಿದೀರಲ್ಲ! ನಿಮ್ಮನೆ ಯಾರ ಕಡೆ?"

ಅವ್ವ ತಿರುಗಿ ಕೂಡ ನೋಡಲಿಲ್ಲ. "ಹೆಣ್ಣಿನ ಕಡೆ" ಅಂದಳು.

ಮದುವೆಮನೆಯಲ್ಲಿ ಆ ಪ್ರಶ್ನೆಗೆ ಇರುವುದು ಅದೊಂದೇ ಉತ್ತರ ತಾನೆ. ಹುಡುಗ ಮಾತ್ರ ಯಾವುದೋ ಹೊಸ ಪಕ್ಷ ಅಂದುಕೊಂಡನೋ ಏನೋ, ಗಂಭೀರವಾಗಿ ತಲೆ ಆಡಿಸಿ, ಕೊಟ್ಟ ಮಜ್ಜಿಗೆ ಕುಡಿದು, ಕೊಟ್ಟಿಗೆಯ ಗೋಡೆಗೆ ಬರೆದುಕೊಂಡು ಹೋದ.

ಮದುವೆಗೆ ಎರಡು ದಿನ ಇರುವಾಗ ರೇಡಿಯೊದಲ್ಲಿ ರಾಜೀವ್ ಗಾಂಧಿ ಹತ್ಯೆಯ ಸುದ್ದಿ. ಬಸ್ಸು ನಿಂತವು, ಪೇಟೆಯಲ್ಲಿ ಅಂಗಡಿ ಮುಚ್ಚಿದವು. ಅಪ್ಪ ಹೊರಗೆ ಹಸ್ತದ ಕೆಳಗೆ ಕೂತವನು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪ ಒಂದು ಲೋಟ ಚಾ ತಂದು ಅವನ ಪಕ್ಕ ಇಟ್ಟು, ತಾನೂ ಕೂತ. ಐದಾರು ದಿನಗಳ ನಂತರದ ಮೊದಲ ಮಾತು, "ಅಣ್ಣ, ಆರ್ತದೆ, ಕುಡಿ." ಮದುವೆ ಮುಂದೆ ಹಾಕೋಣ ಅಂತ ಗಂಡಸರೆಲ್ಲ ತೀರ್ಮಾನಕ್ಕೆ ಬರುತ್ತಿದ್ದಾಗ ಅಜ್ಜಿ ಒಳಗಿನಿಂದ ಬಂದು, "ಹಸೆ ಬರದಾಗಿದೆ. ಬರದ ಮೇಲೆ ನಿಲ್ಸೂಕಿಲ್ಲ" ಅಂದಳು. ನಿಲ್ಲಲಿಲ್ಲ. ದಿಬ್ಬಣ ಟ್ರ್ಯಾಕ್ಟರಿನಲ್ಲಿ ಬಂತು, ಅರ್ಧ ನೆಂಟರು ಬರಲೇ ಇಲ್ಲ, ಹೋಳಿಗೆ ಮೂರು ದಿನ ತಿಂದೆವು.

ಹೊರಗಿನ ಹಸ್ತವೂ ಚಕ್ರವೂ ಆರಿದ್ರಾ ಮಳೆಯ ಎರಚಲಿಗೆ ಕರಗಿ ಒಂದೇ ನೀಲಿ ನೀರಾಗಿ ಅಂಗಳಕ್ಕೆ ಇಳಿದವು. ಒಳಗಿನ ಚಿತ್ತಾರ ಒಲೆಯ ಹೊಗೆಗೆ ಕಂದಿ ವರ್ಷಗಟ್ಟಲೆ ಉಳಿಯಿತು. ನೋಡಿ, ಇದನ್ನು ನಾನೊಮ್ಮೆ ಒಬ್ಬರಿಗೆ ಹೇಳಿದ್ದೆ. ಅವರು ತಕ್ಷಣ "ರಾಜಕೀಯ ಕ್ಷಣಿಕ, ಕಲೆ ಶಾಶ್ವತ" ಅಂತ ಶುರು ಮಾಡಿದರು. ತಡೆಯಿರಿ ಮಾರಾಯ್ರೆ. ಆ ಶಾಶ್ವತವಾದ ಗೋಡೆಯನ್ನು 2006ರಲ್ಲಿ ಕೆಡವಿಸಿದ್ದು ನಾನೇ.

ಇಲ್ಲಿಂದ ಮುಂದಿನದು ಯಾರೂ ಕೇಳದ ಪ್ರಶ್ನೆ. ಕೇಳಲಿ ಅಂತ ನಾನು ಕಾಯುತ್ತಿರುವುದು: ಆ ಗೋಡೆ ಈಗ ಎಲ್ಲಿದೆ?

ನನಗೆ ಮೇಷ್ಟ್ರಗಿರಿ ಸಿಕ್ಕಿತ್ತು, ಬ್ಯಾಂಕು ಸಾಲ ಕೊಡುತ್ತೇನೆ ಅಂದಿತ್ತು. ಮಣ್ಣಿನ ಗೋಡೆಗೆ ಗೆದ್ದಲು, ಹೆಂಚಿನ ಸಂದಿಯಲ್ಲಿ ಸೋರಿಕೆ, ಮಳೆಗಾಲದಲ್ಲಿ ಅಡುಗೆಮನೆಗೆ ಹಾವು. ಕೆಡವಬೇಕಿತ್ತು. ಚಿತ್ತಾರ ಚೆಂದ ಅಂತ ಹಾವಿನ ಜೊತೆ ಮಲಗಲು ಬರುತ್ತದೆಯೇ? ಇದನ್ನು ನಾನು ಬಹಳ ಸಲ ಹೇಳಿಕೊಂಡಿದ್ದೇನೆ, ಬಹಳ ಸಲ ಹೇಳಿಕೊಳ್ಳಬೇಕಾಗಿ ಬಂದಿದೆ ಅನ್ನುವುದೇ ಸ್ವಲ್ಪ ಅನುಮಾನ ತರುತ್ತದೆ. ಹೊಸ ಮನೆಯ ಬಣ್ಣ ಆರಿಸಿದ್ದೂ ನಾನೇ. ಬಿಸ್ಕತ್ತಿನ ಬಣ್ಣ. ಅವ್ವನನ್ನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೇ ಇಲ್ಲ. ಗೃಹಪ್ರವೇಶಕ್ಕೆ ಮೂರು ದಿನ ಮುಂಚೆ ಅವಳು ಯಾರಿಗೂ ಹೇಳದೆ ಕೆಮ್ಮಣ್ಣು ಕಲಸಿ ಸಿಮೆಂಟಿನ ಗೋಡೆಗೆ ಒಂದು ಮೂಲೆಯಲ್ಲಿ ಬಳಿದು ನೋಡಿದ್ದಳು. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬಿತ್ತು. ಗುಡಿಸಿ ತೆಗೆದು ಸುಮ್ಮನಾದಳು. ನೆಲದ ಮೇಲೆ ಉಳಿದಿದ್ದ ಕೆಂಪು ಪುಡಿಗೆ ನಾನು ಪೇಂಟರನನ್ನು ಬೈದೆ.

ಆಮೇಲೆ ಅವಳ ಚಿತ್ತಾರ ಬಟ್ಟೆಗೆ ಬಂತು, ಪ್ಲೈವುಡ್ಡಿಗೆ ಬಂತು, ಗೋಂದು ಬೆರೆಸುವುದು ಕಲಿತಳು. ಒಂದು ಪ್ರದರ್ಶನಕ್ಕೂ ಕರೆದರು. ಯಾರು ಅಂತ ಬೇಡ. ಅವ್ವ ಹೊಸ ಸೀರೆ ಉಟ್ಟು ಬಸ್ಸಿನಲ್ಲಿ ಪ್ಲೈವುಡ್ ಹೊತ್ತು ಹೋದಳು. ಕೊನೆಗೆ ಕೊಟ್ಟ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು, ಮುಂದೆ "ಮತ್ತು ಕುಟುಂಬ". ಜೀವಮಾನದಲ್ಲಿ ಒಂದು ಎಳೆ ಎಳೆಯದ, ಕೆಮ್ಮಣ್ಣಿನ ಬಕೆಟ್ಟು ಎಡವಿ ಚೆಲ್ಲಿದ್ದು ಬಿಟ್ಟರೆ ಚಿತ್ತಾರಕ್ಕೆ ಬೇರೇನೂ ಸಲ್ಲಿಸದ ಅಪ್ಪ! ಅವನಿಗೇ ನಾಚಿಕೆಯಾಗಿ ಅದನ್ನು ಬೀರುವಿನ ಹಿಂದೆ ಸೇರಿಸಿದ. ನಾನು ಫೋನು ಮಾಡಿ ಕೂಗಾಡಿದೆ. ಆ ಕಡೆಯವರು ಬಹಳ ವಿನಯದಿಂದ, "ಮೇಡಂ, ಮನೆಯವರೆಲ್ಲ ಸೇರಿ ಮಾಡೋದಲ್ವಾ ಇದು?" ಅಂದರು.

ಅದೇ "ಮನೆ". ಈಗ ಗೊತ್ತಾಯಿತಲ್ಲ, ರೈಲಿನಲ್ಲಿ ನನ್ನ ಮುಖ ಯಾಕೆ ಗಂಟಿಕ್ಕುತ್ತದೆ ಅಂತ.

ಅವ್ವ ಯಾರಿಗೆ ಓಟು ಹಾಕುತ್ತಾಳೆ ಅನ್ನುವುದು ಅಪ್ಪನಿಗೆ ಗೊತ್ತಿಲ್ಲ. ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯಿಂದ ವಾಪಸು ಬರುವ ದಾರಿಯಲ್ಲಿ ಕೇಳುತ್ತಾನೆ, ಪ್ರತಿ ಸಲವೂ ಅವಳು ಬೇಲಿಯ ಮೇಲಿನ ಯಾವುದೋ ಬಳ್ಳಿ ತೋರಿಸಿ ಮಾತು ತಿರುಗಿಸುತ್ತಾಳೆ. ಕಳೆದ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದಾಗ ನಾನೂ ಕೇಳಿದೆ. ಅವಳು ಭೂಮಣ್ಣಿ ಬುಟ್ಟಿಗೆ ಬರೆಯುತ್ತಿದ್ದಳು. ಭೂಮಿತಾಯಿಗೆ ಬೀರುವ ಎಡೆ ಹಚ್ಚಂಬಲಿಯನ್ನು ಗದ್ದೆಗೆ ಹೊರುವ ಬುಟ್ಟಿ ಅದು, ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿಹಿಟ್ಟಿನ ಎಳೆ. ಸಿಮೆಂಟಿನ ಗೋಡೆ ಒಲ್ಲೆ ಅಂದದ್ದನ್ನು ಬಿದಿರು ಇನ್ನೂ ಹಿಡಿದುಕೊಂಡಿದೆ.

"ಅವ್ವ, ಇಷ್ಟು ವರ್ಷ ಯಾರಿಗೆ ಹಾಕ್ದೆ?"

"ನಿಂಗೆಂತಕ್ಕೆ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಒಂದ್ಸಲ ನಿನ್ನಪ್ಪ ಹೇಳ್ದೋರಿಗೇ ಹಾಕಿದ್ದೆ. ಸೋತ್ರು."

ಅಷ್ಟೇ. ಉಳಿದದ್ದು ಬಾಯಿಬಿಡಲಿಲ್ಲ.

ಬರುವ ತಿಂಗಳು ಚಿಕ್ಕಪ್ಪನ ಮಗನ ಮದುವೆ, ಸಾಗರದ ಒಂದು ಕಲ್ಯಾಣ ಮಂಟಪದಲ್ಲಿ. ಹುಡುಗ, ಹಸೆಯ ಹಿಂದೆ ಫ್ಲೆಕ್ಸ್ ಬೇಡ, ದೊಡ್ಡಮ್ಮನೇ ಬರೀಬೇಕು ಅಂದಿದ್ದಾನೆ. ಎಂಟಡಿಗೆ ನಾಲ್ಕಡಿ ಪ್ಲೈವುಡ್ ಎರಡು ತರಿಸಿದ್ದಾರೆ. ಅವ್ವನಿಗೆ ಈಗ ಬಲಗೈ ಸ್ವಲ್ಪ ನಡುಗುತ್ತದೆ, ಅಂಚಿನ ಎಳೆ ನನಗೆ ಬಿಟ್ಟುಕೊಡುತ್ತಾಳಂತೆ. ಅಂಚು ಮಾತ್ರ, ಒಳಗೆ ಕೈ ಹಾಕುವಂತಿಲ್ಲ. ಎರಡು ಡಬ್ಬಿ ಗೋಂದು ತರಲು ಹೇಳಿದ್ದಾಳೆ, ಪುಂಡಿ ನಾರು ಅವಳ ಹತ್ತಿರ ಇದೆ. ಮಂಟಪದಲ್ಲಿ ಖಂಡಿತ ಯಾರಾದರೂ ಬಂದು ನೀವು ಯಾರ ಕಡೆ ಅಂತ ಕೇಳುತ್ತಾರೆ. ಹೇಳುತ್ತೇನೆ. ಈ ಸಲ ನಾವು ಗಂಡಿನ ಕಡೆ.