ಸಪಾದದ ದಿನ ಉಳಿದ ಒಣದ್ರಾಕ್ಷಿ

ಕಾರ್ತಿಕದ ಸತ್ಯನಾರಾಯಣ ಪೂಜೆ ಮುಗಿದು, ಸಪಾದ ಹಂಚಿ, ನೆಂಟರನ್ನು ಕಳಿಸಿ ಒಳಗೆ ಬಂದರೆ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಕೈಯಲ್ಲಿ ಹಿತ್ತಾಳೆ ಬಟ್ಟಲು. ಎದುರಿಗೆ ನಮ್ಮ ನಾಯಿ ಕರಿಯ, ಬಾಲ ಆಡಿಸುತ್ತಾ ಅವರ ಅಂಗೈ ನೆಕ್ಕುತ್ತಿದ್ದ.

"ಎಂತ ಕೊಟ್ರಿ ಅತ್ತೆ?"

"ಉಳಿದ ದ್ರಾಕ್ಷಿ ಕಣೇ. ಮಕ್ಕಳು ತಿಂದ ಮೇಲೆ ಒಂದು ಹಿಡಿ ಇತ್ತು. ಇವನೂ ಮಗುವೇ ಅಲ್ವಾ?"

ಎದೆ ಧಸಕ್ಕೆಂದಿತು. ಹೋದ ವರ್ಷ ರೇಬೀಸ್ ಲಸಿಕೆ ಹಾಕಿಸುವಾಗಲೇ ಡಾಕ್ಟರು ಹೇಳಿದ್ದರು: ದ್ರಾಕ್ಷಿ, ಈರುಳ್ಳಿ, ಚಾಕಲೇಟು ನಾಯಿಗೆ ಮುಟ್ಟಿಸಬೇಡಿ ಅಂತ. ನಾನು ಅದನ್ನು ಅತ್ತೆಗೆ ಹೇಳಿರಲೇ ಇಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇ ಅಂದಿದ್ದಕ್ಕೆ, "ಬೇಡವೇ ಬೇಡ, ಉಪ್ಪೇ ವಿಷವಾದೀತು. ಎರಡು ಗಂಟೆಯೊಳಗೆ ಇಲ್ಲಿಗೆ ತನ್ನಿ" ಅಂದರು. ಆಲ್ದೂರಿನ ಈಚೆ ಇರುವ ನಮ್ಮ ಮನೆಯಿಂದ ಚಿಕ್ಕಮಗಳೂರಿಗೆ ಜೀಪು ಹೊರಟಿತು. ವಸ್ತಾರೆ ದಾಟುವಾಗಲೂ ಕರಿಯ ಕಿಟಕಿಯಿಂದ ಮೂತಿ ಹೊರಗಿಟ್ಟು ಗಾಳಿ ಕುಡಿಯುತ್ತಿದ್ದ. ಇಷ್ಟು ಗೆಲುವಾಗಿರುವವನಿಗೆ ಏನಾದೀತು ಅನ್ನಿಸಿ ಒಂದು ಗಳಿಗೆ ಧೈರ್ಯವೂ ಬಂತು.

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ವಾಂತಿಯಾಯಿತು. ಡಾಕ್ಟರು ಕಡ್ಡಿಯಿಂದ ಕೆದಕಿ ಎಣಿಸಿದರು. ಅನ್ನದ ಅಗುಳಿನ ನಡುವೆ ಉಬ್ಬಿದ ದ್ರಾಕ್ಷಿ, ಹತ್ತೊಂಬತ್ತು. ಕೆಲವು ಅಗಿದೇ ಇರಲಿಲ್ಲ, ಸಿಪ್ಪೆ ಬಿಗಿದು ಹೊಳೆಯುತ್ತಿದ್ದವು. ರಕ್ತ ತೆಗೆದು, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗೆ ಕಳಿಸಿ ಡ್ರಿಪ್ ಹಾಕಿದರು.

"ನಮ್ಮಲ್ಲಿ ಮುಂಚಿನ ನಾಯಿಗಳೂ ತಿಂದಿದ್ದವಂತೆ ಸರ್, ಏನೂ ಆಗಿರಲಿಲ್ಲವಂತೆ" ಅಂದೆ.

ಡಾಕ್ಟರು ಡ್ರಿಪ್ಪಿನ ಹನಿ ಸರಿಮಾಡುತ್ತಲೇ ವಿವರಿಸಿದರು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದ್ದಾರೆ. ಹಣ್ಣಿನಿಂದ ಹಣ್ಣಿಗೆ ಅದರ ಪ್ರಮಾಣ ಬೇರೆ. ಹಾಗಾಗಿ ಒಂದು ನಾಯಿ ಪಾರಾಗುತ್ತದೆ, ಇನ್ನೊಂದರ ಕಿಡ್ನಿ ಎರಡು ಮೂರು ದಿನದಲ್ಲಿ ಕೈಕೊಡುತ್ತದೆ. ಇಷ್ಟು ತಿಂದರೆ ತೊಂದರೆಯಿಲ್ಲ ಅನ್ನುವ ಲೆಕ್ಕವೇ ಇಲ್ಲ. ಒಣಗಿಸಿದ ದ್ರಾಕ್ಷಿಯಲ್ಲಿ ನೀರು ಹೋಗಿ ಉಳಿದಿದ್ದೆಲ್ಲ ಗಟ್ಟಿಯಾಗಿರುವುದರಿಂದ ಅದು ಇನ್ನೂ ಅಪಾಯ. ಆಮೇಲೆ ಅಂದರು, "ನಿಮ್ಮ ಹುಣಸೆಹಣ್ಣಿನಲ್ಲಿರೋದೂ ಅದೇ ಆಮ್ಲ."

ನಾನು ಸುಮ್ಮನಾದೆ. ಕರಿಯನಿಗೆ ದಿನಾ ಹಾಕುತ್ತಿದ್ದುದು ಸಾರನ್ನ.

ಎರಡು ದಿನ ಡ್ರಿಪ್ ನಡೆಯಿತು. ರಾತ್ರಿ ಮನೆಗೆ ಕರೆತಂದರೆ ಅತ್ತೆ ಅವನ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ಉಚ್ಚೆ ಹೊಯ್ದನಾ ಇಲ್ಲವಾ ಅಂತ ಟಾರ್ಚ್ ಹಿಡಿದು ನೋಡುತ್ತಿದ್ದರು. ಉಚ್ಚೆ ನಿಂತರೆ ತಕ್ಷಣ ಫೋನ್ ಮಾಡಿ ಅಂದಿದ್ದರು ಡಾಕ್ಟರು. "ನನ್ನ ಕೈಯಾರೆ ಕೊಟ್ಟೆನಲ್ಲೇ" ಅನ್ನುವುದನ್ನು ಎಷ್ಟು ಸಲ ಕೇಳಿದೆನೋ. ನಾನು ಹೇಳದೆ ಇದ್ದದ್ದು ತಪ್ಪು ಅಂದರೂ ಅವರಿಗೆ ಸಮಾಧಾನವಿಲ್ಲ. ಮೂರನೇ ದಿನ ಇನ್ನೊಮ್ಮೆ ರಕ್ತ ನೋಡಿ, ಕಿಡ್ನಿ ಸರಿಯಾಗಿದೆ ಅಂದಾಗ ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ಆ ಕಡೆಯಿಂದ ಮಾತೇ ಬರಲಿಲ್ಲ.

ಈಗ ಸಾರನ್ನ ನಿಂತಿದೆ. ಹಣ್ಣು ಅಂದರೆ ಒಂದೆರಡು ತುಂಡು ಬಾಳೆ, ಬೀಜ ತೆಗೆದ ಸೇಬು, ಕಾಲದಲ್ಲಿ ಗೊರಟೆ ಬಿಟ್ಟು ಮಾವು. ಗೊರಟೆ ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಎಷ್ಟೇ ಒಳ್ಳೆಯ ಹಣ್ಣಾದರೂ ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರಬಾರದಂತೆ. ಕೊಯ್ಲಿನ ಕಾಲದಲ್ಲಿ ಕಾಫಿ ಕಣಕ್ಕೂ ಅವನನ್ನು ಬಿಡುವುದಿಲ್ಲ. ಸಿಹಿ ಅಂತ ಕೆಂಪು ಹಣ್ಣಿಗೆ ಬಾಯಿ ಹಾಕಿದರೆ ಕೆಫೀನ್ ನಾಯಿಗೆ ಆಗುವುದಿಲ್ಲ.

ನಿನ್ನೆ ಸಂಜೆ ಅತ್ತೆ ಪಪ್ಪಾಯಿ ಹೆಚ್ಚುತ್ತಿದ್ದರು. ಬೀಜ ಬಳಿದು, ಸಿಪ್ಪೆ ತೆಗೆದು, ನಾಲ್ಕು ತುಂಡು ತಟ್ಟೆಗಿಟ್ಟು ನನ್ನನ್ನು ಕರೆದರು. ಕರಿಯ ಹೊಸ್ತಿಲಾಚೆ ಕಾದು ಕೂತಿದ್ದ.

"ಕನ್ನಡಕ ಇಲ್ಲ ಕಣೇ. ಒಂದು ಬೀಜವೂ ಉಳಿದಿಲ್ಲ ತಾನೇ? ನೋಡು."